ಗೋಡೆ ಯಾರದು, ನೋಟ ಯಾರದು?

(ಐರಣಿಯ ಸಭೆಯಲ್ಲಿ ಮಾಡಿದ ಭಾಷಣ)



ತುಂಗಭದ್ರೆಯ ದಂಡೆಯ ಈ ಐರಣಿ ಕೋಟೆಗೂ ಕಂಬಳಿಗೂ ಹೆಸರಾದ ಊರು. ಇಂಥ ಊರುಗಳಿಗೆ ಕ್ಯಾಮೆರಾ ಹಿಡಿದು ಬರುವವರು ಈಗ ಹೆಚ್ಚು. ಕೋಟೆಯ ಗೋಡೆ, ಹಳೆಯ ಮನೆಯ ಬಾಗಿಲು, ಎಲ್ಲವೂ ಫೋಟೋ ಆಗಿ ದೂರದ ಕಂಪನಿಗಳ ಮೂಲಕ ಮಾರಾಟವಾಗುತ್ತವೆ. ನಮ್ಮ ಹುಡುಗರೂ ಈ ಕಸುಬಿಗೆ ಇಳಿದಿದ್ದಾರೆ. ಹಾಗಾದರೆ ಯಾರ ಒಪ್ಪಿಗೆ ಬೇಕು, ಯಾರದು ಬೇಡ? ಈ ಹಕೀಕತ್ತು ತೆಗೆಯುವವನಿಗೂ ತಿಳಿದಿರಬೇಕು, ಮನೆಯವರಿಗೂ ತಿಳಿದಿರಬೇಕು.

ಮೊದಲು ಕಾಯ್ದೆ ನೋಡೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಸ್ಪಷ್ಟವಾಗಿದೆ: ಕಟ್ಟಡದ ಫೋಟೋ ತೆಗೆದು ಪ್ರಕಟಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಕ್ಕೂ ಇದೇ ಮಾತು. ಆದರೆ ಗೋಡೆಯ ಮೇಲೆ ಈಚಿನ ಕಲಾವಿದನೊಬ್ಬ ಬರೆದ ಚಿತ್ರವನ್ನೇ ಫೋಟೋ ತೆಗೆದು ಮಾರುವುದಾದರೆ ಆ ಕಲಾವಿದನನ್ನು ಕೇಳಬೇಕು.

ನಮ್ಮದೇ ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯನ್ನು ನೋಡಿರಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥಲ್ಲಿ ಸಾಮಾನ್ಯ ಕ್ಯಾಮೆರಾದ ಫೋಟೋಕ್ಕೆ ಅಡ್ಡಿಯಿಲ್ಲ; ಸಿನಿಮಾ ಚಿತ್ರೀಕರಣಕ್ಕೆ 1959ರ ನಿಯಮಗಳಂತೆ ಮುಂಚೆಯೇ ಲೈಸೆನ್ಸು ಬೇಕು.

ಹಾಗಾದರೆ ಫೋಟೋ ಮಾರುವ ಕಂಪನಿಗಳು ಮನೆಯ ಮಾಲಿಕನ ಒಪ್ಪಿಗೆ ಪತ್ರ ಕೇಳುವುದೇಕೆ? ಪತ್ರಿಕೆಯ ಲೇಖನಕ್ಕೋ ಪುಸ್ತಕಕ್ಕೋ ಆದರೆ ಅವರು ಸಾಮಾನ್ಯವಾಗಿ ಕೇಳುವುದಿಲ್ಲ. ಜಾಹೀರಾತಿಗೆ ಆದರೆ ಕೇಳುತ್ತಾರೆ. ನಾಳೆ ತಕರಾರು ಬಂದರೆ ತಮ್ಮ ಕೊಂಡುಗಾರ ಕೋರ್ಟು ಹತ್ತಬಾರದೆಂಬ ಮುಂಜಾಗ್ರತೆ ಅದು. ಅಂದರೆ ಅನೇಕ ವೇಳೆ ಇದು ಸರಕಾರದ ಕಾಯ್ದೆಯಲ್ಲ, ವ್ಯಾಪಾರದ ಕರಾರು.

ಉಳ್ಳವರು ಇನ್ನೂ ಮುಂದೆ ಹೋಗಿದ್ದಾರೆ. ಮುಂಬಯಿಯಲ್ಲಿ 1903ರಲ್ಲಿ ತೆರೆದ ತಾಜ್ ಮಹಲ್ ಹೋಟೆಲಿನ ಕಟ್ಟಡದ ರೂಪಕ್ಕೆ 2017ರಲ್ಲಿ ಟ್ರೇಡ್‌ಮಾರ್ಕ್ ದೊರೆಯಿತು. ಸಮುದ್ರದಂಡೆಯಲ್ಲಿ ನಿಂತವರೆಲ್ಲ ಅದನ್ನು ನೋಡಬಹುದು, ಫೋಟೋ ತೆಗೆಯಬಹುದು. ಆದರೆ ಆ ರೂಪವನ್ನು ತನ್ನ ಸರಕಿನ ಗುರುತಾಗಿ ಬಳಸಿದವನು ಹೋಟೆಲಿನವರಿಗೆ ಉತ್ತರ ಹೇಳಬೇಕಾದೀತು. ಕಲ್ಲು ಹೊತ್ತ ಕೂಲಿಯವನಿಗೆ, ಗೋಡೆ ಎಬ್ಬಿಸಿದ ಗೌಂಡಿಗೆ ಆ ರೂಪದಲ್ಲಿ ಪಾಲಿಲ್ಲ!

ಇನ್ನು ಬಡವನ ಮನೆ. ಅವನ ಬಳಿ ಟ್ರೇಡ್‌ಮಾರ್ಕ್ ಇಲ್ಲ, ವಕೀಲನೂ ಇಲ್ಲ. ಆದರೆ ಹೊಸ್ತಿಲಿದೆ. ಹೊಸ್ತಿಲ ಆಚೆ ಓಣಿಯಿಂದ ಕಾಣುವ ನೋಟ ಎಲ್ಲರದು. ಅದಕ್ಕೆ ನಾವು ಸುಂಕ ಕೇಳಬಾರದು. ಹೊಸ್ತಿಲ ಒಳಗಿನ ಪಡಸಾಲೆ, ಅಡಿಗೆಮನೆ, ಮಗ್ಗ ಮನೆಯವರದು. ಒಳಗೆ ಬರುವವನು ಕೇಳಿಯೇ ಬರಬೇಕು, ಹೇಳಿದ ಷರತ್ತಿಗೆ ಒಪ್ಪಿಯೇ ತೆಗೆಯಬೇಕು. ಮಗ್ಗದ ಮುಂದೆ ಕುಳಿತ ಮುದುಕಿಯ ಮುಖವನ್ನು ಜಾಹೀರಾತಿಗೆ ಮಾರುವುದಾದರೆ ಅವಳ ಒಪ್ಪಿಗೆ ಬೇರೆಯೇ ಬೇಕು. ಮನೆಯ ಮಾಲಿಕನ ಸಹಿ ಅವಳ ಸಹಿಯಾಗದು.

ಆದ್ದರಿಂದ ಮನೆಯವರಿಗೆ ನಾವು ಹೇಳುವುದಿಷ್ಟು: ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಕನ್ನಡದಲ್ಲಿ ಓದಿಸಿರಿ. ಯಾವ ಕೆಲಸಕ್ಕೆ, ಎಷ್ಟು ಕಾಲ, ಎಷ್ಟು ಹಣ ಎಂಬುದನ್ನು ಬರೆಯಿಸಿ ಒಂದು ಪ್ರತಿ ಇಟ್ಟುಕೊಳ್ಳಿರಿ. ಬೇಡವೆನ್ನುವ ಹಕ್ಕೂ ನಿಮ್ಮದೇ.

ಕ್ಯಾಮೆರಾ ಹಿಡಿದ ತಮ್ಮಂದಿರಿಗೂ ಒಂದು ಮಾತು. ಕಾಯ್ದೆ ಕೇಳದಿದ್ದರೂ ಬಾಗಿಲಲ್ಲಿ ನಿಂತು ‘ಯವ್ವಾ, ಫೋಟೋ ತೆಗೀಲೇನು?’ ಎಂದು ಕೇಳಿರಿ. ಮಾರಿ ದುಡ್ಡು ಬಂದರೆ ಆ ಮನೆಯನ್ನು ಮರೆಯಬೇಡಿರಿ. ದೊಡ್ಡವರ ಗೋಡೆಗೆ ಸಿಗುವ ಮರ್ಯಾದೆ ಮಣ್ಣಿನ ಗೋಡೆಗೂ ಸಿಗಲಿ. ನಮ್ಮ ಬೇಡಿಕೆ ಇಷ್ಟೇ.