ನಕಲು ಇದ್ದರೆ ಸಾಲದು, ಮರಳಿ ಕೈಗೆ ಬರಬೇಕು



ಕ್ಲೌಡ್ ತಂತ್ರಾಂಶದಲ್ಲಿರುವ ವ್ಯವಹಾರದ ಲೆಕ್ಕಪತ್ರಗಳಿಗೆ ಬ್ಯಾಕಪ್ ಸೇವೆಯನ್ನು ಆರಿಸಿಕೊಳ್ಳುವುದು ಹೇಗೆ ಎಂಬುದು ಬಣಕಲ್ ಹೋಬಳಿಯ ಇಂದಿನ ವಿಚಾರ ಸಂಕಿರಣದ ವಿಷಯ. ಇದು ಬೆಂಗಳೂರಿನ ಕಂಪನಿಗಳ ಚಿಂತೆ, ಕಾಫಿ ಸೀಮೆಯದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಈಗ ಎಷ್ಟೋ ತೋಟಗಳ ಚೆಕ್‌ರೋಲ್, ಅಂದರೆ ಕೂಲಿ ಲೆಕ್ಕದ ಪಟ್ಟಿ, ಇರುವುದು ಗೂಗಲ್ ಶೀಟ್‌ನಲ್ಲಿ. ಜಿಎಸ್‌ಟಿ ಬಿಲ್ಲುಗಳು ಜೋಹೋ ಬುಕ್ಸ್‌ನಂಥ ತಂತ್ರಾಂಶದಲ್ಲಿ, ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿಗಳು ಇಮೇಲ್‌ನಲ್ಲಿ, ಹೋಮ್‌ಸ್ಟೇ ಬುಕಿಂಗ್‌ಗಳು ಆನ್‌ಲೈನ್ ಖಾತೆಗಳಲ್ಲಿ ಸೇರಿಕೊಂಡಿವೆ. ಯುರೋಪ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿ ಮಾರುಕಟ್ಟೆ ಇರುವುದಿಲ್ಲ. ಪ್ರತಿ ತೋಟದ ಭೌಗೋಳಿಕ ಗುರುತನ್ನೂ ಅದು ಕೇಳುತ್ತದೆ. ಜಾರಿಯ ದಿನ ಮುಂದಕ್ಕೆ ಹೋದರೂ ಸಿದ್ಧತೆಯ ಕೆಲಸ ತಪ್ಪುವುದಿಲ್ಲ. ಹೀಗಾಗಿ ನಮ್ಮ ಕಾಫಿಯ ಬೆಲೆ ಚೀಲದ ಜೊತೆಗೆ ಹೋಗುವ ದಾಖಲೆಯನ್ನೂ ಅವಲಂಬಿಸಿದೆ.

ಲೆಕ್ಕಪತ್ರ ಕ್ಲೌಡ್‌ಗೆ ಹೋದದ್ದು ಒಳ್ಳೆಯದೇ ಆಯಿತು. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಭಾಗದಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ್ದನ್ನು ಕಂಡ ಈ ಸೀಮೆಗೆ, ಮನೆಯೊಳಗಿನ ಒಂದೇ ಕಂಪ್ಯೂಟರನ್ನು ನಂಬಿ ಕೂರುವುದು ಎಷ್ಟು ಅಪಾಯವೆಂದು ವಿವರಿಸಬೇಕಿಲ್ಲ. ಆದರೆ ಇದರ ಬೆನ್ನಿಗೇ ಒಂದು ತಪ್ಪು ನಂಬಿಕೆಯೂ ಬಂದಿದೆ: ದೊಡ್ಡ ಕಂಪನಿಯ ಸರ್ವರ್‌ನಲ್ಲಿ ಇಟ್ಟ ಮೇಲೆ ಕಾಯುವ ಹೊಣೆಯೂ ಆ ಕಂಪನಿಯದೇ ಎಂಬುದು. ಆ ಕಂಪನಿ ಮುಖ್ಯವಾಗಿ ಕಾಯುವುದು ತನ್ನ ಸೇವೆ ನಿಲ್ಲದಂತೆ. ನಾವೇ ಅಳಿಸಿದ್ದನ್ನು, ನಮ್ಮ ಪಾಸ್‌ವರ್ಡ್ ಕದ್ದವರು ಅಳಿಸಿದ್ದನ್ನು ಅದು ನಮ್ಮ ಆಜ್ಞೆಯೆಂದೇ ಪಾಲಿಸುತ್ತದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಕಡತ ಕಸದ ಬುಟ್ಟಿಯಲ್ಲಿ ಉಳಿಯುವುದು 30 ದಿನ. ಆಮೇಲೆ ಖಾತೆಯ ಆಡಳಿತಗಾರ ಅದನ್ನು ಮರಳಿ ತರಲು ಇನ್ನೂ 25 ದಿನ. ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ ಒಟ್ಟು 93 ದಿನ. ಕಾನೂನು ಕೇಳುವ ಅವಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜಿಎಸ್‌ಟಿ ಲೆಕ್ಕಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಕಂಪನಿಯಾಗಿ ನೋಂದಾಯಿಸಿದ ಎಸ್ಟೇಟ್ ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಇಡಬೇಕು. ಆ ದಿನಗಳಿಗೂ ಈ ವರ್ಷಗಳಿಗೂ ನಡುವೆ ಇರುವ ಅಂತರವನ್ನು ತುಂಬುವ ಕೆಲಸ ನಮ್ಮದು. ಬ್ಯಾಕಪ್ ಸೇವೆ ಬೇಕಾಗುವುದು ಅಲ್ಲಿ.

ಹಾಗಾದರೆ ಯಾವ ಸೇವೆ? ನನ್ನ ವಾದ ಇಷ್ಟೇ: ಅದು ಎಷ್ಟು ಚೆನ್ನಾಗಿ ನಕಲು ಮಾಡುತ್ತದೆ ಎಂಬುದರಿಂದಲ್ಲ, ಬೇಕಾದಾಗ ಹೇಗೆ ಮರಳಿ ಕೊಡುತ್ತದೆ ಎಂಬುದರಿಂದ ಅದನ್ನು ಅಳೆಯಬೇಕು. ಇದಕ್ಕೆ ಮೂರು ಘಟನೆಗಳು ಸಾಕ್ಷಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರ ಕಡತಗಳಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಹೊರಗೆ ನಕಲೇ ಇರಲಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ಎಂಜಿನಿಯರೊಬ್ಬರು ಕೈತಪ್ಪಿನಿಂದ ಮುಖ್ಯ ದತ್ತಾಂಶವನ್ನೇ ಅಳಿಸಿದರು. ಬ್ಯಾಕಪ್‌ಗೆಂದು ಹಲವು ಏರ್ಪಾಡುಗಳಿದ್ದವು, ಆದರೆ ನಿತ್ಯದ ಬ್ಯಾಕಪ್ ಕೆಲಸ ಮಾಡುತ್ತಿರಲಿಲ್ಲ ಎಂಬುದು ಗೊತ್ತಾದದ್ದೇ ಆ ರಾತ್ರಿ. ಆಕಸ್ಮಿಕವಾಗಿ ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಮೂರನೆಯದು ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಅಟ್ಲಾಸಿಯನ್ ಎಂಬ ತಂತ್ರಾಂಶ ಕಂಪನಿ ಓಡಿಸಿದ ಒಂದು ತಪ್ಪು ಆಜ್ಞೆಯಿಂದ 775 ಗ್ರಾಹಕರ ಖಾತೆಗಳು ಅಳಿಸಿಹೋದವು. ಅಲ್ಲಿ ಬ್ಯಾಕಪ್ ಇತ್ತು, ಸರಿಯಾಗಿಯೂ ಇತ್ತು. ಆದರೆ ಉಳಿದವರಿಗೆ ತೊಂದರೆಯಾಗದಂತೆ ಇಷ್ಟೊಂದು ಗ್ರಾಹಕರ ಭಾಗವನ್ನಷ್ಟೇ ಒಟ್ಟಿಗೆ ಮರಳಿ ಕೂರಿಸುವ ದಾರಿ ಸಿದ್ಧವಿರಲಿಲ್ಲ. ಕೆಲವರು 14 ದಿನ ಕಾದರು. ನಕಲು ಇಲ್ಲದಿರುವುದು, ಇದ್ದರೂ ಕೆಲಸ ಮಾಡದಿರುವುದು, ಕೆಲಸ ಮಾಡಿದರೂ ಹೊತ್ತಿಗೆ ಸಿಗದಿರುವುದು: ಕುಯ್ಲಿನ ವಾರದಲ್ಲಿ ಕೂಲಿ ಬಟವಾಡೆಗೆ ಕಾದು ನಿಂತವರ ಮಟ್ಟಿಗೆ ಈ ಮೂರರ ಫಲವೂ ಒಂದೇ.

ಈ ಅಳತೆಯನ್ನು ಒಪ್ಪಿದರೆ ಸೇವೆ ಮಾರುವವರಿಗೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ. ಒಂದೇ ಒಂದು ಶೀಟು, ಒಂದೇ ಒಂದು ಬಿಲ್ಲು ಬೇಕೆಂದರೆ ಅದಷ್ಟನ್ನೇ ಕೊಡುತ್ತೀರಾ, ಅಥವಾ ಇಡೀ ಖಾತೆಯನ್ನು ಹಿಂದಕ್ಕೆ ತಿರುಗಿಸಬೇಕೆ? ಎಷ್ಟು ಗಂಟೆ ಹಿಡಿಯುತ್ತದೆ? ಕೊನೆಯ ನಕಲು ಎಷ್ಟು ಹಳೆಯದಿರಬಹುದು? ನಮ್ಮ ಮುಖ್ಯ ಪಾಸ್‌ವರ್ಡ್ ಕದ್ದವರು ಬ್ಯಾಕಪ್ಪನ್ನೂ ಅಳಿಸಬಲ್ಲರೇ, ಅಥವಾ ನಿಗದಿತ ಅವಧಿಯವರೆಗೆ ಯಾರೂ ಮುಟ್ಟಲಾಗದಂತೆ ಅದನ್ನು ಬೀಗ ಹಾಕಿ ಇಡುತ್ತೀರಾ? ಸರ್ವರ್ ಎಲ್ಲಿದೆ? ಈ ಕೊನೆಯ ಪ್ರಶ್ನೆಗೆ ಕಾನೂನಿನ ಬಲವೂ ಇದೆ. 2022ರ ತಿದ್ದುಪಡಿಯಾದ ಮೇಲೆ ಕಂಪನಿಗಳು ತಮ್ಮ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇಡಬೇಕು. ಇದಕ್ಕೆಲ್ಲ ಬಾಯಿಮಾತಿನ ಉತ್ತರ ಸಾಲದು. ಸಹಿ ಹಾಕುವ ಮುನ್ನ, ಉಚಿತ ಪ್ರಯೋಗದ ಅವಧಿಯಲ್ಲಿ, ಒಂದು ಮಾದರಿ ಚೆಕ್‌ರೋಲನ್ನು ಬೇಕೆಂದೇ ಅಳಿಸಿ, ಮರಳಿ ತರಿಸಿ, ಸೂತ್ರಗಳೂ ಲಗತ್ತುಗಳೂ ಸರಿಯಿವೆಯೇ ಎಂದು ಎಸ್ಟೇಟ್ ರೈಟರ್ ಕೈಯಲ್ಲೇ ತಾಳೆ ನೋಡಿಸಬೇಕು.

ಆಕ್ಷೇಪಗಳಿವೆ, ಅವು ನ್ಯಾಯವಾದವೂ ಹೌದು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಇಲ್ಲದ ಊರಿನಲ್ಲಿ ಇದೆಲ್ಲ ನಡೆಯುವುದೇ ಎಂಬುದು ಮೊದಲನೆಯದು. ಇಂಥ ಸೇವೆಗಳಲ್ಲಿ ನಕಲು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ. ಅದು ಬಣಕಲ್‌ನ ತಂತಿಯ ಮೇಲೆ ಹಾಯುವುದಿಲ್ಲ. ಇಲ್ಲಿ ಟವರ್ ಬಿದ್ದರೂ ಅಲ್ಲಿ ಆ ದಿನದ ನಕಲು ಆಗುತ್ತದೆ. ತೊಡಕಿರುವುದು ಮರಳಿ ಪಡೆಯುವಾಗ. ಅದಕ್ಕಾಗಿ ಮಳೆ ಹಿಡಿಯುವ ಮುನ್ನ ಮುಖ್ಯ ಲೆಕ್ಕಗಳ ಒಂದು ಪ್ರತಿಯನ್ನು ಡಿಸ್ಕಿಗೆ ಇಳಿಸಿ, ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ನಂಬಿಕೆಯವರ ಬಳಿ ಇಡುವುದು ಒಳ್ಳೆಯದು. ಎರಡನೆಯದು ಖರ್ಚು. ಎಲ್ಲರಿಗೂ ಒಂದೇ ಅಳತೆ ಎಂದು ನಾನು ಹೇಳುವುದಿಲ್ಲ. ಐದು ಎಕರೆಯ ಬೆಳೆಗಾರರಿಗೆ ತಿಂಗಳಿಗೊಮ್ಮೆ ಲೆಕ್ಕವನ್ನು ಇಳಿಸಿ ಇಟ್ಟುಕೊಳ್ಳುವುದು ಸಾಕಾಗಬಹುದು. ಆದರೆ ಇಳಿಸಿದ ಪಟ್ಟಿಯನ್ನು ಓದಬಹುದೇ ಹೊರತು, ತಂತ್ರಾಂಶದೊಳಗೆ ಎಲ್ಲವನ್ನೂ ಮೊದಲಿದ್ದಂತೆ ಕೂರಿಸಲು ಅದರಿಂದ ಸಾಮಾನ್ಯವಾಗಿ ಆಗುವುದಿಲ್ಲ ಎಂಬುದು ತಿಳಿದಿರಲಿ. ಹತ್ತಾರು ಜನರ ಬಟವಾಡೆ, ರಫ್ತಿನ ಕಡತ ಇರುವವರು ಯಾವ ಲೆಕ್ಕವಿಲ್ಲದೆ ಎಷ್ಟು ದಿನ ನಡೆಸಬಲ್ಲೆವು ಎಂದು ಪಟ್ಟಿ ಮಾಡಿ, ಒಂದು ದಿನವೂ ಬಿಟ್ಟಿರಲಾಗದ್ದಕ್ಕೆ ಮೊದಲು ಹಣ ಹಾಕಲಿ. ಮೂರನೆಯದು, ನಮ್ಮ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟಂತಾಗುವುದಿಲ್ಲವೇ ಎಂಬುದು. ಆಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಕೆಲಸವನ್ನು ಬೇರೆಯವರಿಗೆ ವಹಿಸಿದ ಮಾತ್ರಕ್ಕೆ ನಮ್ಮ ಹೊಣೆ ಕಳೆಯುತ್ತದೆ ಎನ್ನುವುದಿಲ್ಲ. ಆದ್ದರಿಂದ ಗೂಢಲಿಪಿಯ ಕೀಲಿ ಯಾರ ಬಳಿ ಇರುತ್ತದೆ, ಒಪ್ಪಂದ ಮುಗಿದ ದಿನ ಮಾಹಿತಿ ಯಾವ ರೂಪದಲ್ಲಿ ಕೈಗೆ ಬರುತ್ತದೆ, ಅವರ ಬಳಿ ಎಂದು ಅಳಿಯುತ್ತದೆ ಎಂಬುದು ಬರಹದಲ್ಲಿ ಇರಲೇಬೇಕು.

ಸಹಕಾರ ಸಂಘಗಳ ಸ್ಥಿತಿ ಬೇರೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಸೇವೆಯ ಆಯ್ಕೆ ಕಾರ್ಯದರ್ಶಿಯ ಕೈಯಲ್ಲಿಲ್ಲ. ಹಲವರು ಒಂದೇ ವ್ಯವಸ್ಥೆಯನ್ನು ನಂಬಿದಾಗ ಅಲ್ಲಿ ಬಿದ್ದ ಪೆಟ್ಟು ಎಲ್ಲರಿಗೂ ತಟ್ಟುತ್ತದೆ: 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ತಾಂತ್ರಿಕ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ (ಹಣಕ್ಕಾಗಿ ಮಾಹಿತಿಗೆ ಬೀಗ ಹಾಕುವ) ದಾಳಿಯಾದಾಗ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆಗೆ ತಡೆ ಬಿತ್ತು. ಆಯ್ಕೆ ಕೈಯಲ್ಲಿ ಇಲ್ಲದಿದ್ದರೂ ಪ್ರಶ್ನೆ ಕೇಳುವ ಹಕ್ಕು ಸದಸ್ಯರಿಗಿದೆ. ಮರಳಿ ಪಡೆಯುವ ಪರೀಕ್ಷೆ ಕೊನೆಯ ಬಾರಿ ಯಾವಾಗ ನಡೆಯಿತು ಎಂದು ಮಹಾಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.

ಈ ಸಂಕಿರಣದಿಂದ ನಾನು ಬಯಸುವುದು ಯಾವುದೋ ಕಂಪನಿಯ ಹೆಸರನ್ನಲ್ಲ. ಇಂದಿನ ಗೋಷ್ಠಿಗಳು ಮುಗಿಯುವ ಹೊತ್ತಿಗೆ ಕನ್ನಡದಲ್ಲಿ ಒಂದು ಪುಟದ ಪ್ರಶ್ನಾವಳಿ ಸಿದ್ಧವಾಗಲಿ. ತೋಟ, ಸಂಘ, ಹೋಮ್‌ಸ್ಟೇ ಎಲ್ಲರಿಗೂ ಅದು ಉಪಯೋಗಕ್ಕೆ ಬರಲಿ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುನ್ನ ಒಮ್ಮೆ, ಕುಯ್ಲಿಗೆ ಮುನ್ನ ಒಮ್ಮೆ, ಪ್ರತಿಯೊಬ್ಬರೂ ಒಂದು ಕಡತವನ್ನು ಮರಳಿ ತರಿಸಿ ನೋಡುವ ರೂಢಿ ಈ ಹೋಬಳಿಯಲ್ಲಿ ಶುರುವಾಗಲಿ. ಚೆಕ್‌ರೋಲ್‌ನಲ್ಲಿ ಇರುವುದು ದುಡಿದವರ ಕೂಲಿ. ಅದನ್ನು ಕಳೆಯದಂತೆ ಕಾಯುವುದು ನಮ್ಮ ಕರ್ತವ್ಯ. ಆ ಕರ್ತವ್ಯಕ್ಕೆ ಬೇಕಾದ ತಿಳಿವಳಿಕೆಯನ್ನು ಇಂದಿನ ಚರ್ಚೆಗಳು ಕೊಡಲಿ ಎಂದು ಹಾರೈಸಿ, ನನ್ನ ಆಶಯ ಭಾಷಣವನ್ನು ಮುಗಿಸುತ್ತೇನೆ.