ಮೊದಲ ಉದ್ಯೋಗ: ಸಾಮರ್ಥ್ಯ ಮತ್ತು ವಿಶ್ವಾಸಾರ್ಹತೆ

(ವಾಡಿಯಲ್ಲಿ ಯುವಜನರು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರ ಯೌವನದ ಒಂದು ಪ್ರಸಂಗವಿದೆ. ಪ್ರಾಣಭಯದಿಂದ ಈಜಿಪ್ಟ್ ತೊರೆದ ಅವರು ಮದ್‌ಯನ್ ತಲಪುತ್ತಾರೆ. ಕೈಯಲ್ಲಿ ಏನೂ ಇಲ್ಲ, ಊರಿನಲ್ಲಿ ಪರಿಚಿತರಿಲ್ಲ. ಬಾವಿಯ ಬಳಿ ಗದ್ದಲಕ್ಕೆ ಹಿಂಜರಿದು ನಿಂತಿದ್ದ ಇಬ್ಬರು ಯುವತಿಯರ ಜಾನುವಾರುಗಳಿಗೆ ನೀರು ಕುಡಿಸಿ, ಪ್ರತಿಫಲ ಕೇಳದೆ ನೆರಳಿಗೆ ಸರಿದು ಅಲ್ಲಾಹನಲ್ಲಿ ಮೊರೆಯಿಡುತ್ತಾರೆ. ಅವರನ್ನು ಕೆಲಸಕ್ಕೆ ನೇಮಿಸಿಕೊಳ್ಳುವಂತೆ ಆ ಯುವತಿಯರಲ್ಲಿ ಒಬ್ಬಾಕೆ ತಂದೆಗೆ ಸೂಚಿಸುವಾಗ ಮುಂದಿಟ್ಟ ಅರ್ಹತೆಗಳು ಎರಡೇ: ಬಲ ಮತ್ತು ವಿಶ್ವಾಸಾರ್ಹತೆ. ವಂಶವನ್ನಾಗಲಿ, ಶಿಫಾರಸನ್ನಾಗಲಿ ಆಕೆ ಹೇಳಲಿಲ್ಲ.

ನಮ್ಮ ಕಾಲದ ಬಲ ಯಾವುದು? ಕಸುಬು ಮತ್ತು ಭಾಷೆ. ಈ ಎರಡರಲ್ಲೂ ನಾವು ಹಿಂದಿದ್ದೇವೆಂದು ಒಪ್ಪಿಕೊಳ್ಳಬೇಕು.

ಸುತ್ತಲೂ ನೋಡಿರಿ. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ (ಒಡೆತನ ಬದಲಾದರೂ ಜನರ ಬಾಯಲ್ಲಿ ಹೆಸರುಗಳು ಉಳಿದಿವೆ), ಚಿಂಚೋಳಿ ತಾಲೂಕಿನಲ್ಲೂ ಸಿಮೆಂಟ್ ಕಾರ್ಖಾನೆ. ಆದರೂ ಈ ಕಾರ್ಖಾನೆಗಳ ಗೇಟಿನ ಮುಂದೆ ನಮ್ಮ ಹುಡುಗರು ನಿಲ್ಲುವುದು ಹೆಚ್ಚಾಗಿ ಗುತ್ತಿಗೆದಾರನ ದಿನಗೂಲಿಗಾಗಿ. ಶಹಾಬಾದಿನ ಕಲ್ಲಿನ ಗಣಿಗಳಲ್ಲಿ ಬೆನ್ನು ಬಾಗಿಸಿದ ತಂದೆಯ ಮಗನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆ. 1961ರ ಅಪ್ರೆಂಟಿಸ್ ಕಾಯ್ದೆಯ ಬಗ್ಗೆ ಅವನಿಗೆ ಯಾರೂ ಹೇಳಿಲ್ಲ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ, ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಕಲಿತವನಿಗೆ ಇದು ಭತ್ಯೆ ಸಹಿತ ಕಲಿಕೆ. ಒಂದು ವರ್ಷ ಕಡಿಮೆ ಹಣಕ್ಕೆ ದುಡಿಯುವುದು ನಷ್ಟವೆಂದು ಭಾವಿಸುವ ಹೆತ್ತವರು ಆಲೋಚಿಸಲಿ: ಪ್ರಮಾಣಪತ್ರವಿಲ್ಲದೆ ಹತ್ತು ವರ್ಷ ದುಡಿದವನ ಕೂಲಿ ಎಷ್ಟು ಏರಿದೆ?

ಇನ್ನು ರೈಲ್ವೆ. ರೈಲುಗಳ ಸದ್ದಿನಲ್ಲೇ ಬೆಳೆಯುವ ವಾಡಿ ಜಂಕ್ಷನ್ನಿನ ಮಕ್ಕಳಲ್ಲಿ ಎಷ್ಟು ಮಂದಿ ರೈಲ್ವೆ ನೇಮಕಾತಿ ಮಂಡಳಿಯ ಅರ್ಜಿ ತುಂಬಿದ್ದಾರೆ? 2006ರ ಸಾಚಾರ್ ವರದಿಯ ಪ್ರಕಾರ ರೈಲ್ವೆ ನೌಕರರಲ್ಲಿ ಮುಸ್ಲಿಮರು ಶೇ. 4.5 ಮಾತ್ರ, ಅವರಲ್ಲೂ ಬಹುತೇಕರು ಕೆಳಹಂತದ ಹುದ್ದೆಗಳಲ್ಲಿ. ತಾರತಮ್ಯದ ದೂರು ನಿರಾಧಾರವೆಂದು ನಾನು ಹೇಳುವುದಿಲ್ಲ. ಆದರೆ ಹಾಕದ ಅರ್ಜಿಯನ್ನು ಯಾರೂ ತಿರಸ್ಕರಿಸಲಾರರು. ಈ ಪರೀಕ್ಷೆಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದೆಂಬುದು ನಮ್ಮ ಉರ್ದು ಮಾಧ್ಯಮದ ಅನೇಕ ಮಕ್ಕಳಿಗೆ ಗೊತ್ತಿಲ್ಲ. ಒಂದು ಎಚ್ಚರಿಕೆ: ಒಂದೇ ಅಧಿಸೂಚನೆಗೆ ಎರಡು ಮಂಡಳಿಗಳಲ್ಲಿ ಅರ್ಜಿ ಹಾಕಿದರೆ ಎಲ್ಲವೂ ತಿರಸ್ಕೃತವಾಗುತ್ತವೆ.

ರಾಜ್ಯ ಸರಕಾರದ ಹುದ್ದೆಗಳ ವಿಷಯ ಬೇರೆ. ಸಂವಿಧಾನದ 371ಜೆ ವಿಧಿಯ ಅನ್ವಯ 2013ರಲ್ಲಿ ಹೊರಟ ಆದೇಶದಂತೆ ನಮ್ಮ ಭಾಗದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿನಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಇದು ರೈಲ್ವೆಗಾಗಲಿ ಖಾಸಗಿ ಕಾರ್ಖಾನೆಗಾಗಲಿ ಅನ್ವಯಿಸುವುದಿಲ್ಲ. ಇದರ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅವರ ಕಚೇರಿ ಸೇಡಂನಲ್ಲೂ ಇದೆ. ಅಧಿಸೂಚನೆ ಹೊರಟ ಮೇಲೆ ಓಡುವುದು ನಮ್ಮ ಹಳೆಯ ರೋಗ. ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತದೆ.

ಆದರೆ ಈ ಬಾಗಿಲಿಗೆ ಕನ್ನಡದ ಬೀಗವಿದೆ. ಕರ್ನಾಟಕ ಲೋಕಸೇವಾ ಆಯೋಗದ ಸಿ ಗುಂಪಿನ ನೇಮಕಾತಿಯಲ್ಲಿ ಎಸ್ಸೆಸ್ಸೆಲ್ಸಿ ಮಟ್ಟದ ಕಡ್ಡಾಯ ಕನ್ನಡ ಪರೀಕ್ಷೆಯಿದೆ. 150 ಅಂಕಗಳಲ್ಲಿ ಕನಿಷ್ಠ 50 ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಗಳಿಸಿದರೂ ಪ್ರಯೋಜನವಿಲ್ಲ. ಉರ್ದು ನಮ್ಮ ಮನೆಯ ಭಾಷೆ, ಅದನ್ನು ಬಿಡಬೇಕಾಗಿಲ್ಲ. ಕನ್ನಡವನ್ನು ಪರರ ಭಾಷೆಯೆಂದು ದೂರವಿಟ್ಟ ನಮ್ಮ ಹಿರಿಯರ ತಪ್ಪಿಗೆ ಮಕ್ಕಳು ದಂಡ ತೆರುತ್ತಿದ್ದಾರೆ. ದಿನಕ್ಕೊಂದು ಕನ್ನಡ ಪತ್ರಿಕೆ ಮನೆಗೆ ಬರಲಿ. ಪ್ರತಿ ಜುಮುಅದ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಗಂಟೆ ಕನ್ನಡ ಕಲಿಸಲು ನಿವೃತ್ತ ಶಿಕ್ಷಕರೊಬ್ಬರು ಸಿಗಲಾರರೇ?

ವಿಶ್ವಾಸಾರ್ಹತೆಯ ಮಾತಿಗೆ ಬರೋಣ. ಮಗನ ನೌಕರಿಗಾಗಿ ಹೊಲ ಮಾರಲು ಹೊರಟ ತಂದೆಯೊಬ್ಬರು ನನ್ನ ಬಳಿ ಬಂದಿದ್ದರು. ದಲ್ಲಾಳಿ ಹಣ ಕೇಳಿದ್ದನಂತೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆಂದು ನೆನಪಿಸಿದೆ. "ಎಲ್ಲರೂ ಕೊಡ್ತಾರಲ್ಲ ಭಾಯಿ" ಎಂದರು. ಆಗ 2021ರ ಅಕ್ಟೋಬರಿನ ಪಿಎಸ್‌ಐ ಪರೀಕ್ಷೆಯ ಕಥೆ ಹೇಳಬೇಕಾಯಿತು. 545 ಹುದ್ದೆಗಳ ಆ ನೇಮಕಾತಿಯ ಅಕ್ರಮ ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರದಿಂದಲೇ ಬಯಲಿಗೆ ಬಂತು. 2022ರ ಏಪ್ರಿಲಿನಲ್ಲಿ ಆಯ್ಕೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಆಯ್ಕೆಯಾಗಿದ್ದವರೂ ಆ ವರ್ಷಗಳನ್ನು ಕಳೆದುಕೊಂಡರು. ಹೊಲ ಮಾರದೆ ಉಳಿಯಿತು. ಮಗ ಇನ್ನೂ ಓದುತ್ತಿದ್ದಾನೆ.

ಸಹೋದರಿಯರು ಹಿಂದಿನ ಸಾಲಿನಲ್ಲಿ ಕುಳಿತಿದ್ದೀರಿ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟಿನ ಹಣ ಬೇಕಿಲ್ಲ. ಚಿಂಚೋಳಿಯಿಂದ ಕಲಬುರಗಿಗೆ ಪರೀಕ್ಷೆಗೆ ಹೋಗಲು ಇನ್ನೂ ಅಡ್ಡಿಯಾಗಿರುವುದು ಬಸ್ಸಿನ ದರವಲ್ಲ, ಮನೆಯವರ ಅಂಜಿಕೆ. ಅಣ್ಣನೋ ತಂದೆಯೋ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಹೋಗಲಿ.

ಕೆಲಸ ಸಿಕ್ಕವರಿಗೊಂದು ಮಾತು. ಮದ್‌ಯನ್‌ನ ಆ ಹಿರಿಯರು ಮೂಸಾ(ಅ)ರೊಡನೆ ಅವಧಿಯನ್ನು ಮೊದಲೇ ಸ್ಪಷ್ಟಪಡಿಸಿದರು: ಎಂಟು ವರ್ಷ, ಇಷ್ಟವಿದ್ದರೆ ಹತ್ತು. ನೀವೂ ಗುತ್ತಿಗೆದಾರನಲ್ಲಿ ಕೂಲಿ ಎಷ್ಟು, ಪಿಎಫ್ ಸಂಖ್ಯೆ ಯಾವುದು, ಇಎಸ್‌ಐ ಇದೆಯೇ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿರಿ. ಇದು ಅವಿನಯವಲ್ಲ.

ಕೊನೆಗೆ ಒಂದು ಸಣ್ಣ ವಿಷಯ, ಅನೇಕರನ್ನು ಬೀಳಿಸಿದ್ದು ಇದೇ. ಅಂಕಪಟ್ಟಿಯಲ್ಲಿ 'ಎಂಡಿ', ಆಧಾರ್‌ನಲ್ಲಿ 'ಮೊಹಮ್ಮದ್', ಬ್ಯಾಂಕಿನಲ್ಲಿ 'ಮಹ್ಮದ್'. ತಂಗಿಯ ಹೆಸರಿನ ಮುಂದೆ ಒಂದೆಡೆ 'ಬೇಗಂ', ಇನ್ನೊಂದೆಡೆ 'ಬೀ'. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಇವರು ಬೇರೆ ಬೇರೆ ವ್ಯಕ್ತಿಗಳಾಗಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ತರಲು ನಿಮಗೆ ಮೊದಲೇ ತಿಳಿಸಲಾಗಿತ್ತು. ತಂದವರು ಮುಂದೆ ಬನ್ನಿರಿ. ಇಶಾದ ಅಝಾನ್‌ಗೆ ಇನ್ನೂ ಅರ್ಧ ಗಂಟೆಯಿದೆ, ಒಂದೊಂದಾಗಿ ಹೋಲಿಸಿ ನೋಡೋಣ.