ಬಟ್ಟೆಯ ಕಲೆ ಮತ್ತು ಅಡುಗೆಮನೆ



ಕನ್ನಡದಲ್ಲಿ ‘ಕಲೆ’ಗೆ ಎರಡು ಅರ್ಥ. ಉರ್ದುವಿನಲ್ಲಿ ಒಂದು ಫನ್, ಇನ್ನೊಂದು ದಾಗ್. ವೇದಿಕೆಯ ಮೇಲೆ ಫನ್ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ನಾನು ದಾಗ್ ಬಗ್ಗೆ ಮಾತನಾಡುತ್ತೇನೆ.

ನನ್ನ ತರಗತಿಯ ಒಬ್ಬ ಹುಡುಗಿ ಒಮ್ಮೆ ಮೂರು ದಿನ ಬರಲಿಲ್ಲ. ಜ್ವರವೆಂದು ಚೀಟಿ ಬಂತು. ಜ್ವರವಲ್ಲ, ಇದ್ದ ಒಂದೇ ಬಿಳಿ ಸಲ್ವಾರ್‌ಗೆ ಮುಟ್ಟಿನ ರಕ್ತ ತಗುಲಿತ್ತು. ತಾಯಿ ಪಾಪ, ಕುದಿಯುವ ನೀರಿನಲ್ಲಿ ನೆನೆಸಿದ್ದರು. ಕಲೆ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತುಬಿಟ್ಟಿತ್ತು. ಅಂದಿನಿಂದ ಈ ವಿಷಯ ಮಾತನಾಡಲು ನನಗೆ ಸಂಕೋಚವಿಲ್ಲ.

ರಕ್ತದಲ್ಲಿ ಪ್ರೋಟೀನ್ ಇದೆ. ಬಿಸಿ ತಾಗಿದರೆ ಅದು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು ಹಚ್ಚಿ. ಹಾಲು, ಮೊಟ್ಟೆಯ ಕಲೆಗೂ ಮೊದಲು ತಣ್ಣೀರೇ.

ಅರಿಶಿನದ ಜಾತಿ ಬೇರೆ. ದಾಲ್ಚಾ ಚೆಲ್ಲಿದ ಬಿಳಿ ಕುರ್ತಾಕ್ಕೆ ಸೋಪು ಹಚ್ಚಿದ ಕೂಡಲೇ ಹಳದಿ ಕೆಂಪಾದದ್ದನ್ನು ಕಂಡು ನೀವು ಗಾಬರಿಯಾಗಿರಬಹುದು. ಸೋಪು ಕ್ಷಾರ, ಕ್ಷಾರ ಸೇರಿದರೆ ಅರಿಶಿನ ಕೆಂಪಾಗುತ್ತದೆ. ವಿಜ್ಞಾನದ ಪಾಠದಲ್ಲಿ ಓದಿದ್ದೇ ಇದು, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೀರಿ ಅಷ್ಟೆ! ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಉಳಿದದ್ದನ್ನು ಉಜ್ಜಿ ಬಟ್ಟೆ ಹರಿಯಬೇಡಿ, ಒದ್ದೆಯಿರುವಾಗಲೇ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಎಣ್ಣೆ ಬಿದ್ದರೆ ಮೈದಾ ಉದುರಿಸಿ, ಹೀರಿಕೊಂಡ ಮೇಲೆ ಕೊಡವಿ, ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ತುಕ್ಕಿಗೆ ನಿಂಬೆರಸ ಮತ್ತು ಉಪ್ಪು. ಮೆಹಂದಿಗೆ ಮಾತ್ರ ನನಗೆ ಸುಲಭದ ಮದ್ದು ಸಿಕ್ಕಿಲ್ಲ, ಅದು ಹಿಡಿದರೆ ಹಿಡಿದ ಹಾಗೆಯೇ.

ಹಾಸ್ಟೆಲಿನ ಮಕ್ಕಳು ಮಳೆಗಾಲದಲ್ಲಿ ಮುಗ್ಗಲು ವಾಸನೆಯ ಮೇಲೆ ಅತ್ತರು ಹಚ್ಚುತ್ತಾರೆ. ಆಗ ಒಂದರ ಬದಲು ಎರಡು ವಾಸನೆ! ಒದ್ದೆ ಬಟ್ಟೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ಬರುವ ವಾಸನೆ ಅದು. ಅರ್ಧ ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ನೆನೆಸಿ, ಇಲ್ಲವೇ ಒಂದು ಲೋಟ ಬಿಳಿ ವಿನಿಗರ್. ಎರಡನ್ನೂ ಒಟ್ಟಿಗೆ ಹಾಕಿದರೆ ನೊರೆ ಬರುತ್ತದೆ, ಕೆಲಸ ಆಗುವುದಿಲ್ಲ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಲೀಚಿಂಗ್ ಪೌಡರಿಗೆ ವಿನಿಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದ ಸೈನಿಕರ ಮೇಲೆ ಬಿಟ್ಟ ಅನಿಲವೇ ಅದು. ಬಚ್ಚಲುಮನೆಯಲ್ಲಿ ಕಣ್ಣು ಉರಿದು ಕೆಮ್ಮು ಬಂದರೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ಓಡಿ.

ಆ ಹುಡುಗಿಯ ಸಲ್ವಾರ್‌ಗೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿಸಿದೆ. ಬಿಳಿ ಬಟ್ಟೆಯಾದ್ದರಿಂದ ನಡೆಯಿತು. ಕಲೆ ಪೂರ್ತಿ ಹೋಗಲಿಲ್ಲ, ಮಸುಕಾಯಿತು. ಮರುದಿನ ಮೊದಲ ಪೀರಿಯಡ್‌ಗೇ ಬಂದಳು. ಈಗ ಸ್ಟಾಫ್ ರೂಮಿನ ಕಪಾಟಿನಲ್ಲಿ ಉಪ್ಪಿನ ಡಬ್ಬ, ಒಂದು ಬದಲಿ ಸಲ್ವಾರ್ ಇಟ್ಟಿದ್ದೇನೆ. ಬೇಕಾದವರು ಬಂದು ಕೇಳಿ, ಯಾಕೆಂದು ನಾನು ಕೇಳುವುದಿಲ್ಲ.